‘ಅಂತೆ’, ‘ಇದೆ’, ‘ಇರಬಹುದು’

ಬಾದಾಮಿಯಿಂದ ಸುಮಾರು 5 ಕಿಲೋಮೀಟರು ದೂರದಲ್ಲಿರುವ ಚೊಳಚಗುಡ್ಡವನ್ನು ಆ ಹೆಸರಿನಿಂದ ಗುರುತಿಸುವವರು ಕಡಿಮೆ. ಬನಶಂಕರಿ ಎಂದರೆ ಎಲ್ಲರಿಗೂ ಗೊತ್ತು. ಪುಷ್ಯಮಾಸದ ಹುಣ್ಣಿಮೆಗೆ ಅಲ್ಲಿ ತೇರು. ತೇರಿಗೆ ಮುನ್ನ ದೇವಿಗೆ 108 ಬಗೆಯ ಕಾಯಿಪಲ್ಯಗಳ ನೈವೇದ್ಯವನ್ನು ಅರ್ಪಿಸುವ ಪಲ್ಲೇದ ಹಬ್ಬ. ತೇರಾದ ಮೇಲೆ ವಾರಗಟ್ಟಲೆ ನಡೆಯುವ ಜಾತ್ರೆ, ರಾತ್ರಿಯಿಡೀ ಆಟವಾಡುವ ನಾಟಕ ಕಂಪನಿಗಳು. ಗುಡಿಯ ಎದುರಿನ ಹರಿದ್ರಾತೀರ್ಥ, ಅದರ ದಂಡೆಯ ಕಲ್ಲಿನ ಮಂಟಪಗಳು, ತಲೆಯ ಮೇಲೆ ಬುಟ್ಟಿ ಹೊತ್ತು ಬಂದು ಜೋಳದ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಬಡಿಸುವ ತಾಯಂದಿರು — ಇವನ್ನು ಒಮ್ಮೆ ಕಂಡವರು ಮರೆಯಲಾರರು.

ಆದರೆ ನಾನಿಂದು ಹೇಳಹೊರಟಿರುವುದು ಜಾತ್ರೆಯ ಮಾತಲ್ಲ. ಆ ಊರಿನ ಹುಡುಗಿಯೊಬ್ಬಳು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಬರೆದ ಒಂದು ಸಣ್ಣ ಪ್ರಾಜೆಕ್ಟಿನ ಕಥೆ ಅದು. ಇತಿಹಾಸದ ಅಧ್ಯಾಪಕನಾಗಿ ನಾನು ಅವಳ ಮಾರ್ಗದರ್ಶಕನೆನಿಸಿಕೊಂಡಿದ್ದೆ. ಯಾರು ಯಾರಿಗೆ ದಾರಿ ತೋರಿಸಿದರು ಎಂಬುದನ್ನು ಕೊನೆಯಲ್ಲಿ ನೀವೇ ನಿರ್ಣಯಿಸಬಹುದು.

ಪದವಿ ತರಗತಿಯ ಹುಡುಗರಿಂದ ಸಂಶೋಧನೆಯೇ ಎಂದು ಹಿರಿಯರು ನಗುವುದುಂಟು. ಅವರ ನಗೆಗೆ ಕಾರಣವೂ ಇದೆ. ಹತ್ತು ಪುಸ್ತಕಗಳಿಂದ ಹತ್ತು ಪುಟ ಇಳಿಸಿಕೊಂಡು, ಕೊನೆಯ ವಾರದಲ್ಲಿ ಝೆರಾಕ್ಸ್ ಅಂಗಡಿಯಲ್ಲಿ ರಟ್ಟು ಕಟ್ಟಿಸಿ ಒಪ್ಪಿಸುವುದೇ ಎಷ್ಟೋ ಕಡೆ ಪ್ರಾಜೆಕ್ಟು ಎನಿಸಿಕೊಂಡಿದೆ. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷಗಳ ಆನರ್ಸ್ ವ್ಯವಸ್ಥೆ ಪದವಿಯಲ್ಲಿಯೇ ಸಂಶೋಧನೆಗೆ ಎಡೆ ಮಾಡಿಕೊಟ್ಟಿತು. 2024–25ರಿಂದ ರಾಜ್ಯವು ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಪಠ್ಯಕ್ರಮಗಳು ಬರುತ್ತವೆ, ಹೋಗುತ್ತವೆ. ಇಪ್ಪತ್ತರ ಹರೆಯದ ಮನಸ್ಸೊಂದು ತನ್ನದೇ ಪ್ರಶ್ನೆಯೊಂದನ್ನು ಹಿಡಿದು ಆರು ತಿಂಗಳು ನಡೆದರೆ ಅದಕ್ಕೆ ಏನಾಗುತ್ತದೆ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ.

ಈ ಪ್ರಶ್ನೆಯನ್ನು ಹೊರಗಿನ ಜಗತ್ತು ಗಂಭೀರವಾಗಿಯೇ ತೆಗೆದುಕೊಂಡಿದೆ. ಅಮೆರಿಕದ ಎಂ.ಐ.ಟಿ.ಯಲ್ಲಿ ಮಾರ್ಗರೆಟ್ ಮೆಕ್‌ವಿಕರ್ ಎಂಬ ಪ್ರಾಧ್ಯಾಪಕಿ 1969ರಲ್ಲಿ ಪದವಿ ವಿದ್ಯಾರ್ಥಿಗಳನ್ನು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಜೊತೆಗೂಡಿಸುವ ಯೋಜನೆಯೊಂದನ್ನು ಆರಂಭಿಸಿದರು. ನಮ್ಮಲ್ಲಿಯೂ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ನಾಲ್ಕು ದಶಕಗಳಿಗೂ ಮೀರಿ ಇಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ಕೊಡುತ್ತ ಬಂದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಪದವಿ ಶಿಕ್ಷಣವನ್ನು ತೊಡಗಿದಾಗ ಅದನ್ನು ಸಂಶೋಧನೆಯ ಸುತ್ತಲೇ ಕಟ್ಟಿತು.

ಇವೆಲ್ಲಕ್ಕೂ ಹಿಂದಿನ ಒಂದು ಪ್ರಸಂಗ ನನಗೆ ಬಹಳ ಪ್ರಿಯವಾದದ್ದು. 1928ರಲ್ಲಿ ಜರ್ಮನಿಯ ಭೌತವಿಜ್ಞಾನಿ ಆರ್ನಲ್ಡ್ ಸೊಮ್ಮರ್‌ಫೆಲ್ಡ್ ಮದರಾಸಿಗೆ ಬಂದರು. ಅವರ ಪುಸ್ತಕವನ್ನು ಶ್ರದ್ಧೆಯಿಂದ ಓದಿಕೊಂಡಿದ್ದ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯೊಬ್ಬ ಅವರನ್ನು ಕಾಣಲು ಹೋದ. ‘ಆ ಪುಸ್ತಕದ ಭೌತಶಾಸ್ತ್ರ ಈಗ ಹಳೆಯದಾಯಿತು’ ಎಂದು ಬರೆದವರೇ ಆ ಹುಡುಗನಿಗೆ ತಿಳಿಸಿ, ಇನ್ನೂ ಅಚ್ಚಾಗಬೇಕಿದ್ದ ತಮ್ಮ ಹೊಸ ಲೇಖನದ ಕರಡನ್ನು ಅವನ ಕೈಗಿತ್ತರು. ಹುಡುಗ ಕೆಲವೇ ತಿಂಗಳಲ್ಲಿ ತನ್ನದೊಂದು ಲೇಖನವನ್ನು ಬರೆದ. ಅದು 1929ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆತನೇ ಮುಂದೆ 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಸುಬ್ರಹ್ಮಣ್ಯನ್ ಚಂದ್ರಶೇಖರ್. ಹುಡುಗನ ಪ್ರತಿಭೆಯನ್ನು ಎಲ್ಲರೂ ಕೊಂಡಾಡುತ್ತಾರೆ. ‘ನನ್ನ ಪುಸ್ತಕ ಹಳೆಯದಾಯಿತು’ ಎಂದ ಆ ಗುರುವಿನ ಮಾತನ್ನೂ ನೀವು ನೆನಪಿನಲ್ಲಿಡಬೇಕು. ಅದಕ್ಕೆ ನಾನು ಮತ್ತೆ ಬರಬೇಕಾಗಿದೆ.

ಇನ್ನು ನಮ್ಮ ಹುಡುಗಿಯ ಮಾತು. ಅವಳ ತಂದೆಗೆ ಗುಡಿಯ ಹತ್ತಿರ ಹಣ್ಣುಕಾಯಿಯ ಅಂಗಡಿ. ಅಜ್ಜಿ ಬಹಳ ವರ್ಷ ಹೊಂಡದ ದಂಡೆಯಲ್ಲಿ ರೊಟ್ಟಿ ಮಾರಿದಾಕೆ. ಪ್ರಾಜೆಕ್ಟಿಗೆ ವಿಷಯವೇನು ಎಂದು ಕೇಳಿದಾಗ ಅವಳು, “ನಮ್ಮೂರಿನ ಬಗ್ಗೆನ ಮಾಡತೇನ್ರಿ ಸರ್” ಎಂದಳು. ಮರುದಿನ ಶೀರ್ಷಿಕೆ ಬರೆದು ತಂದಳು: ‘ಶ್ರೀ ಬನಶಂಕರಿ ಕ್ಷೇತ್ರ: ಒಂದು ಸಮಗ್ರ ಸಾಂಸ್ಕೃತಿಕ ಅಧ್ಯಯನ’. ಆ ‘ಸಮಗ್ರ’ವನ್ನು ಕಂಡು ನನಗೆ ನಗು ಬಂತು. ಆದರೆ ಮೊದಲ ಬಾರಿಗೆ ಸಂಶೋಧನೆಗೆ ಇಳಿಯುವ ಪ್ರತಿಯೊಬ್ಬರೂ ಸಮುದ್ರವನ್ನೇ ಬೊಗಸೆಯಲ್ಲಿ ತರುತ್ತೇವೆಂದು ಹೊರಡುತ್ತಾರೆ. ನಾನೂ ಹಾಗೆಯೇ ಹೊರಟಿದ್ದವನು.

ವಿಷಯ ಬೇರೆ, ಪ್ರಶ್ನೆ ಬೇರೆ. ವಿಷಯದ ಬಗ್ಗೆ ಎಷ್ಟು ಬೇಕಾದರೂ ಬರೆಯುತ್ತ ಹೋಗಬಹುದು. ಅದಕ್ಕೆ ಕೊನೆಯಿಲ್ಲ, ಆದ್ದರಿಂದ ತಪ್ಪೂ ಇಲ್ಲ. ಪ್ರಶ್ನೆಗೆ ಉತ್ತರ ಬೇಕಾಗುತ್ತದೆ, ಉತ್ತರವು ಸುಳ್ಳಾಗಬಹುದು. ವಿದ್ಯಾರ್ಥಿಯ ಬೆಳವಣಿಗೆ ಆರಂಭವಾಗುವುದು ತನ್ನ ಮಾತು ಸುಳ್ಳಾಗಬಹುದಾದ ಜಾಗಕ್ಕೆ ಅವನು ಕಾಲಿಟ್ಟಾಗ. “ಸಮಗ್ರ ಅಧ್ಯಯನ ಇರಲಿ, ನಿನಗೆ ನಿಜವಾಗಿ ಗೊತ್ತಾಗಬೇಕಾದದ್ದು ಏನು?” ಎಂದು ಕೇಳಿದೆ. ಮೂರು ವಾರ ಅವಳು ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಇಸವಿಯಿತ್ತು.

ಬನಶಂಕರಿಯ ಪರಿಚಯ ಬರಹಗಳನ್ನು ಓದಿದವರಿಗೆ ಒಂದು ವಾಕ್ಯ ಎದುರಾಗಿರಬಹುದು. ಕ್ರಿ.ಶ. 603ರಲ್ಲಿ ಮೊದಲನೆಯ ಜಗದೇಕಮಲ್ಲನೆಂಬ ಚಾಲುಕ್ಯ ದೊರೆ ದೇವಿಯ ವಿಗ್ರಹವನ್ನು ಪ್ರತಿಷ್ಠಾಪಿಸಿದನೆಂದೂ, ಇಂದಿನ ಗುಡಿಯನ್ನು 1750ರಲ್ಲಿ ಮರಾಠಾ ಸರದಾರನೊಬ್ಬನು ಕಟ್ಟಿಸಿದನೆಂದೂ ಅದು ಹೇಳುತ್ತದೆ. ಹುಡುಗಿಯ ತಂದೆ ಅಂಗಡಿಯಲ್ಲಿ ಮಾರುತ್ತಿದ್ದ ಕಿರುಹೊತ್ತಗೆಯಲ್ಲಿಯೂ ಇದೇ ಇತ್ತು. ಅವಳು ನನ್ನ ಪಾಠದ ಟಿಪ್ಪಣಿಯನ್ನು ಮುಂದಿಟ್ಟು ಕೇಳಿದಳು: “ಜಗದೇಕಮಲ್ಲ ಅನ್ನೋದು ಕಲ್ಯಾಣದ ಚಾಲುಕ್ಯರ ಬಿರುದಲ್ರಿ ಸರ್? ಅವರು ಆಗ ಎಲ್ಲಿದ್ರು?”

ಪ್ರಶ್ನೆ ಸರಿಯಾಗಿತ್ತು. ಕಲ್ಯಾಣದ ಚಾಲುಕ್ಯರ ಆಳ್ವಿಕೆಯನ್ನು ಇಮ್ಮಡಿ ತೈಲಪ ಸ್ಥಾಪಿಸಿದ್ದು 973ರಲ್ಲಿ. ಮೊದಲನೆಯ ಜಗದೇಕಮಲ್ಲನೆಂಬ ಬಿರುದಿನ ಇಮ್ಮಡಿ ಜಯಸಿಂಹ ಆಳಿದ್ದು 1015ರಿಂದ 1043ರವರೆಗೆ. 603ರಲ್ಲಿ ಬಾದಾಮಿಯ ಸಿಂಹಾಸನದ ಮೇಲಿದ್ದವನು ಮಂಗಲೇಶ. ಆತನ ಆಳ್ವಿಕೆಯ 5ನೆಯ ವರ್ಷದ ಸ್ತಂಭಶಾಸನವೊಂದು ಹತ್ತಿರದ ಮಹಾಕೂಟದಲ್ಲಿತ್ತು. ಅದೀಗ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ವಿದ್ವಾಂಸರು ಅದರ ಕಾಲವನ್ನು ಸುಮಾರು 602 ಎಂದು ಗೊತ್ತುಮಾಡಿದ್ದಾರೆ. ಹೀಗೆ ಆ ವಾಕ್ಯದಲ್ಲಿ ಇಸವಿಯೂ ಅರಸನೂ ನಾಲ್ಕು ಶತಮಾನಗಳಷ್ಟು ದೂರ ನಿಂತು ಒಬ್ಬರ ಮುಖವನ್ನೊಬ್ಬರು ನೋಡಲಾರದ ಸ್ಥಿತಿಯಲ್ಲಿದ್ದರು. ‘ಸಮಗ್ರ ಸಾಂಸ್ಕೃತಿಕ ಅಧ್ಯಯನ’ ಅಂದೇ ಬಿದ್ದುಹೋಯಿತು. ‘603 ಎಂಬ ಇಸವಿಗೆ ಆಧಾರವೇನು?’ ಎಂಬ ನಾಲ್ಕು ಮಾತಿನ ಪ್ರಶ್ನೆ ಉಳಿಯಿತು.

ಮೊದಲ ಪಾಠ ಸಾಕ್ಷಿಗಳನ್ನು ಎಣಿಸುವುದು. ಅವಳು ಸಿಕ್ಕ ಸಿಕ್ಕ ಕರಪತ್ರ, ಪ್ರವಾಸಿ ಕೈಪಿಡಿ, ಸ್ಮರಣ ಸಂಚಿಕೆಗಳನ್ನೆಲ್ಲ ಕೂಡಿಹಾಕಿ ಪಟ್ಟಿ ಮಾಡಿದಳು. ‘ಇಷ್ಟು ಮಂದಿ ಹೇಳಿದ್ದಾರೆಂದ ಮೇಲೆ ಸತ್ಯವಿರಲೇಬೇಕಲ್ಲ’ ಎಂಬ ಅಳುಕೂ ಇತ್ತು. ಆದರೆ ಸಾಲು ಸಾಲಾಗಿ ಇಟ್ಟು ನೋಡಿದಾಗ ವಾಕ್ಯದ ಜೋಡಣೆ ಒಂದೇ, ಎಷ್ಟೋ ಕಡೆ ಅಚ್ಚಿನ ದೋಷವೂ ಒಂದೇ. ಒಬ್ಬನ ಮಾತನ್ನು ಹತ್ತು ಜನ ನಕಲು ಮಾಡಿದರೆ ಸಾಕ್ಷಿ ಹತ್ತಾಗುವುದಿಲ್ಲ. ಒಂದೇ ಸಾಕ್ಷಿ ಹತ್ತು ಸಲ ಕಟಕಟೆ ಹತ್ತಿದಂತಾಗುತ್ತದೆ. ನ್ಯಾಯಾಲಯದಲ್ಲಿ ಇದು ಎಲ್ಲರಿಗೂ ಗೊತ್ತು. ಅಚ್ಚಿನ ಅಕ್ಷರದ ಮುಂದೆ ಮಾತ್ರ ಮರೆತುಬಿಡುತ್ತೇವೆ.

ಎರಡನೆಯ ಪಾಠ, ಇಸವಿ ಎಂಬುದು ಎಲ್ಲಿಂದ ಹುಟ್ಟುತ್ತದೆಂಬುದು. ಬಾದಾಮಿಯ ಬೆಟ್ಟದ ಬಂಡೆಯ ಮೇಲೆ ಚಲಿಕ್ಯ ವಲ್ಲಭೇಶ್ವರನು ವಾತಾಪಿಯ ಗಿರಿಯನ್ನು ದುರ್ಗವಾಗಿಸಿದ ಸಂಗತಿಯನ್ನು ಹೇಳುವ ಶಾಸನವಿದೆ. ಅದನ್ನು ಸಂಪಾದಿಸಿ ಪ್ರಕಟಿಸಿದವರು ಆರ್.ಎಸ್. ಪಂಚಮುಖಿಯವರು. ಅದರಲ್ಲಿ ಶಕವರ್ಷ 465 ಎಂದಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ: 543. ಮೂರನೆಯ ಗುಹೆಯ ಶಾಸನದಲ್ಲಿ ಶಕ 500, ಎಂದರೆ 578. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯ ಶಾಸನದಲ್ಲಿ ಶಕ 556, ಎಂದರೆ 634. ಈ ಮೂರೂ ಇಸವಿಗಳಿಗೆ ಕಾಲೂರಲು ಕಲ್ಲಿದೆ. ಬೇಕಾದವರು ಹೋಗಿ ನೋಡಬಹುದು, ಓದಿದವರ ಓದನ್ನು ಪ್ರಶ್ನಿಸಬಹುದು. ನಮ್ಮ 603ಕ್ಕೆ ಅಂಥ ಕಾಲು ಅವಳಿಗೆ ಕಾಣಲಿಲ್ಲ.

ಇಲ್ಲಿ ಅವಳೊಂದು ಉತ್ಸಾಹದ ತಪ್ಪು ಮಾಡಿದಳು, ಅದನ್ನೂ ಹೇಳಬೇಕು. ಶಕವರ್ಷದ ಲೆಕ್ಕ ಕಲಿತ ಮರುವಾರವೇ ಓಡುತ್ತ ಬಂದಳು. 603 ಎಂಬುದು ಕ್ರಿಸ್ತಶಕವಾಗಿರದೆ ಶಕವರ್ಷವೇ ಆಗಿದ್ದರೆ? 78 ಕೂಡಿಸಿದರೆ 681. ಒಂದನೆಯ ವಿಕ್ರಮಾದಿತ್ಯನ ಆಳ್ವಿಕೆ ಮುಗಿದು ವಿನಯಾದಿತ್ಯನದು ಮೊದಲಾಗುವ ಕಾಲ! ಯಾರೋ ಶಕವನ್ನು ಕ್ರಿಸ್ತಶಕವೆಂದು ತಪ್ಪಾಗಿ ಬರೆದಿರಬೇಕು! ಅವಳ ಕಣ್ಣಿನ ಹೊಳಪನ್ನು ಆರಿಸಲು ನನಗೆ ಮನಸ್ಸಾಗಲಿಲ್ಲ. ಎರಡು ವಾರ ಅವಳು ಆ ಊಹೆಯ ಮೇಲೆ ಪುಟಗಟ್ಟಲೆ ಬರೆದಳು. ಕೊನೆಗೆ ಅವಳೇ ಬಂದು, “ಲೆಕ್ಕ ಕೂಡತೈತ್ರಿ, ಆದ್ರ ಕಲ್ಲಿಲ್ಲ. ಜಗದೇಕಮಲ್ಲನೂ ಕೂಡಂಗಿಲ್ಲ” ಎಂದು ಆ ಪುಟಗಳ ಮೇಲೆ ಅಡ್ಡಗೆರೆ ಎಳೆದಳು. ತಾನೇ ಕಷ್ಟಪಟ್ಟು ಬರೆದದ್ದನ್ನು ತನ್ನ ಕೈಯಿಂದಲೇ ಹೊಡೆದುಹಾಕುವುದನ್ನು ಯಾವ ಪರೀಕ್ಷೆಯೂ ಕಲಿಸದು. ಆ ಗೆರೆಯನ್ನು ನಾನು ಎಳೆದಿದ್ದರೆ ಅವಳು ವಿಧೇಯಳಾಗುತ್ತಿದ್ದಳು, ಅಷ್ಟೆ.

ಹೊಂಡದ ಬಳಿ ಇನ್ನೊಂದು ಪಾಠ ಕಾದಿತ್ತು. ಹರಿದ್ರಾತೀರ್ಥವು 360 ಅಡಿಗಳ ಚೌಕವೆಂದು ಪರಿಚಯ ಬರಹಗಳಲ್ಲಿದೆ. ಇದನ್ನಾದರೂ ಕಣ್ಣಾರೆ ನೋಡಿಬಿಡೋಣವೆಂದು ಅವಳು ತಮ್ಮನನ್ನು ಜೊತೆಗೆ ಕರೆದುಕೊಂಡು ಅಳತೆಯ ಪಟ್ಟಿ ಹಿಡಿದು ಹೋದಳು. ಅರ್ಧ ದಿನ ಕಳೆದ ಮೇಲೆ ತಿಳಿದದ್ದು ಇಷ್ಟು: ಎಲ್ಲಿಂದ ಎಲ್ಲಿಗೆ ಎಂದು ಹೇಳದೆ ಅಳತೆಗೆ ಅರ್ಥವಿಲ್ಲ. ನೀರಿನ ಅಂಚಿನಿಂದಲೇ? ಮಂಟಪದ ಒಳಗಂಬದಿಂದಲೇ? ಹೊರಗೋಡೆಯಿಂದಲೇ? ಪಟ್ಟಿಯನ್ನು ಇಟ್ಟಲ್ಲೆಲ್ಲ ಬೇರೆ ಬೇರೆ ಅಂಕಿ. ಅಂಕಿ ತಾನಾಗಿ ಸತ್ಯವಲ್ಲ. ಅದರ ಹಿಂದೆ ಅಳೆದವನ ಒಂದು ನಿರ್ಧಾರವಿರುತ್ತದೆ, ಆ ನಿರ್ಧಾರವನ್ನು ಬರೆದಿಡಬೇಕು. ಅಂದಿನಿಂದ ಅವಳ ನೋಟ್‌ಬುಕ್ಕಿನ ಸ್ವರೂಪವೇ ಬದಲಾಯಿತು. ದಿನಾಂಕ, ಸ್ಥಳ, ಯಾರು ಹೇಳಿದರು, ತಾನು ಕಂಡದ್ದು ಯಾವುದು, ತನ್ನ ಊಹೆ ಯಾವುದು ಎಲ್ಲವೂ ಬೇರೆ ಬೇರೆ ಕಾಲಮ್ಮಿನಲ್ಲಿ. ಕೋಶ ಓದಬೇಕು, ದೇಶ ನೋಡಬೇಕು ಎಂಬ ನಮ್ಮ ಗಾದೆಗೆ ನಾನು ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ಕಂಡಿಲ್ಲ.

ಆ ನೋಟ್‌ಬುಕ್ಕಿನ ಒಂದು ಪುಟವನ್ನು ಅವಳು ನನಗೆ ಓದಿ ತೋರಿಸಿದಳು. ಅದು ಅವಳ ಅಜ್ಜಿಯ ಮಾತು. “ಗುಡಿ ಭಾಳ ಹಳೇದಂತ. ರಾಜರ ಕಾಲದ್ದಂತ. ನಮ್ಮತ್ತಿ ಹೇಳತಿದ್ಲು, ಆಕಿಗೆ ಆಕಿ ಅತ್ತಿ ಹೇಳಿದ್ಲಂತ. ನಾ ಏನ್ ನೋಡೀನೇನವಾ?” ಓದಿ ಮುಗಿಸಿ ಹುಡುಗಿ ನಕ್ಕಳು. “ಸರ್, ನಮ್ಮಾಯಿ ಒಂದು ಮಾತಿನಾಗ ಎಷ್ಟು ಸಲ ‘ಅಂತ’ ಅಂದಾಳ ನೋಡ್ರಿ. ಪುಸ್ತಕದಾಗ ಒಂದೂ ಇಲ್ಲ.”

ಕೇಳುಗ ಮಿತ್ರರೇ, ಇತಿಹಾಸದ ವಿಧಾನವನ್ನು ಕುರಿತು ನಾನು ವರ್ಷಗಟ್ಟಲೆ ಮಾಡಿದ ಪಾಠಗಳಲ್ಲಿ ಈ ಮಾತು ಇರಲಿಲ್ಲ. ‘ಅಂತೆ-ಕಂತೆ’ ಎಂದು ನಾವು ಹೀಗಳೆಯುವ ಆ ಪುಟ್ಟ ಪ್ರತ್ಯಯವು ನಿಜವಾಗಿ ಬಹು ಪ್ರಾಮಾಣಿಕವಾದದ್ದು. ‘ಗುಡಿ ಹಳೆಯದು’ ಎಂದರೆ ನಾನು ಬಲ್ಲೆನೆಂದು ಅರ್ಥ. ‘ಗುಡಿ ಹಳೆಯದಂತೆ’ ಎಂದರೆ ಇದು ನನ್ನ ಕಾಣ್ಕೆಯಲ್ಲ, ಬೇರೆಯವರಿಂದ ಕೇಳಿದ್ದು ಎಂದು ಅರ್ಥ. ಒಂದೇ ಪ್ರತ್ಯಯದಿಂದ ಮೂಲವನ್ನು ಸೂಚಿಸುವ ಶಕ್ತಿ ನಮ್ಮ ನುಡಿಗಿದೆ. ಓದು ಬಾರದ ಆ ಮುದುಕಿ ತನ್ನ ಅತ್ತೆಯನ್ನೂ ಅತ್ತೆಯ ಅತ್ತೆಯನ್ನೂ ಹೆಸರಿಸಿಯೇ ಮುಂದೆ ಹೋದಳು. ಓದು ಬಲ್ಲ ನಾವು ಅದೇ ಬಗೆಯ ಕೇಳಿದ ಮಾತಿನಿಂದ ‘ಅಂತೆ’ಯನ್ನು ಕಿತ್ತು, ‘ಪ್ರತಿಷ್ಠಾಪಿಸಿದನು’ ಎಂದು ಗಟ್ಟಿಯಾಗಿ ಅಚ್ಚುಹಾಕಿಸಿದೆವು. ಅಲ್ಲಿಂದ ಮುಂದೆ ಹುಡುಗಿ ತನ್ನ ಇಡೀ ಬರಹವನ್ನು ಕ್ರಿಯಾಪದಗಳ ಕಡೆಯಿಂದ ತಿದ್ದಿದಳು. ಕಲ್ಲಿನಲ್ಲಿ ಓದಬಹುದಾದ್ದಕ್ಕೆ ‘ಇದೆ’. ಕೇಳಿದ್ದಕ್ಕೆ ‘ಅಂತೆ’. ತಾನು ಊಹಿಸಿದ್ದಕ್ಕೆ ‘ಇರಬಹುದು’. ಈ ಮೂರನ್ನು ಒಂದರೊಡನೊಂದು ಬೆರೆಸದೆ ಒಂದು ಪುಟ ಬರೆಯಬಲ್ಲವನು ವಿದ್ಯಾವಂತನೆಂದು ನಾನೀಗ ತಿಳಿಯುತ್ತೇನೆ.

ಇನ್ನು ನನ್ನ ಪಾಲಿನ ಮಾತು. ಅವಳ ಪಟ್ಟಿಯಲ್ಲಿ 603ನ್ನು ಹೇಳಿದ ಬರಹಗಳೆಲ್ಲ ಕ್ರಮವಾಗಿದ್ದವು. ಬರೆದವರ ಹೆಸರು, ವರ್ಷ, ಪುಟ. ಐದನೆಯ ಸಾಲಿನಲ್ಲಿ ವರ್ಷವಿತ್ತು, ಪುಟವಿತ್ತು, ಹೆಸರಿನ ಜಾಗ ಖಾಲಿಯಿತ್ತು. ಹೆಸರೇಕಿಲ್ಲವೆಂದು ಕೇಳಿದೆ. ಅವಳು ತಲೆ ತಗ್ಗಿಸಿದಳು. ಮತ್ತೆ ಕೇಳಿದಾಗ ಚೀಲದಿಂದ ಕಾಲೇಜಿನ ಹಳೆಯ ವಾರ್ಷಿಕ ಸಂಚಿಕೆಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟಳು. ಲೇಖನ ನನ್ನದು. ಇಪ್ಪತ್ತು ವರ್ಷಗಳ ಹಿಂದೆ, ಸಂಪಾದಕರ ಅವಸರಕ್ಕೆ, ಯಾವುದೋ ಕರಪತ್ರವನ್ನು ಎದುರಿಗಿಟ್ಟುಕೊಂಡು ಒಂದು ರಾತ್ರಿಯಲ್ಲಿ ಬರೆದದ್ದು. 603, ಜಗದೇಕಮಲ್ಲ, ಪ್ರತಿಷ್ಠಾಪಿಸಿದನು — ಎಲ್ಲವೂ ಇತ್ತು. ತರಗತಿಯಲ್ಲಿ ಕಲ್ಯಾಣದ ಚಾಲುಕ್ಯರ ವಂಶಾವಳಿಯನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಕೈಯೇ ಇದನ್ನೂ ಬರೆದಿತ್ತು.

ನನಗೆ ಮೊದಲು ಬಂದದ್ದು ನಾಚಿಕೆಯಲ್ಲ, ಸಿಟ್ಟು. ಅದನ್ನು ಮುಚ್ಚಿಟ್ಟರೆ ಈ ಭಾಷಣಕ್ಕೆ ಬೆಲೆಯಿಲ್ಲ. ಅದೆಲ್ಲ ಹಳೆಯ ಬರಹ, ಪಟ್ಟಿಗೆ ಬೇಕಿಲ್ಲ, ತೆಗೆದುಬಿಡು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅವಳು ಒಪ್ಪುತ್ತಲೂ ಇದ್ದಳು. ಅಂಕ ಕೊಡುವವನು ನಾನು. ಮದರಾಸಿನ ಆ ಪ್ರಸಂಗ ಅಂದು ನನ್ನ ನೆರವಿಗೆ ಬಂತೆಂದು ಹೇಳಿದರೆ ಹೆಮ್ಮೆಯ ಮಾತಾದೀತು. ಪ್ರತಿ ವರ್ಷ ಅದನ್ನು ಹುಡುಗರಿಗೆ ಕಥೆಯಾಗಿ ಹೇಳುತ್ತಿದ್ದವನು ನಾನು. ಸರದಿ ನನ್ನದು ಬಂದಾಗ ತಪ್ಪಿಸಿಕೊಳ್ಳಲು ದಾರಿ ಉಳಿದಿರಲಿಲ್ಲ. ಪೆನ್ನು ತೆಗೆದುಕೊಂಡು ಖಾಲಿ ಜಾಗದಲ್ಲಿ ನನ್ನ ಹೆಸರನ್ನು ನಾನೇ ಬರೆದೆ. ಆಮೇಲಿನಿಂದ ಅವಳು ನನ್ನೊಡನೆ ಮಾತನಾಡುವ ರೀತಿ ಬದಲಾಯಿತು. ಗೌರವ ಕಡಿಮೆಯಾಗಲಿಲ್ಲ. ನಾನು ಏನನ್ನಾದರೂ ಹೇಳಿದಾಗ “ಎಲ್ಲಿ ಐತ್ರಿ ಸರ್ ಅದು?” ಎಂದು ಕೇಳತೊಡಗಿದಳು.

ಮನೆಯಲ್ಲಿ ಅವಳಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ನಡೆದಿತ್ತು. ಅಂಗಡಿಯಲ್ಲಿ ಆ ಕಿರುಹೊತ್ತಗೆಯನ್ನು ಮಾರುತ್ತಿದ್ದ ತಂದೆ, “ನಮ್ಮ ದೇವಿ ಹಳಮಿ ಕಡಿಮಿ ಮಾಡಾಕ ಕಾಲೇಜಿಗೆ ಕಳಿಸೀನೇನು?” ಎಂದು ಎರಡು ದಿನ ಮಾತು ಬಿಟ್ಟರಂತೆ. ಅವಳು ತಂದೆಗೆ ಕೊಟ್ಟ ಉತ್ತರ ತರ್ಕಶಾಸ್ತ್ರದ ಒಳ್ಳೆಯ ಪಾಠವಾಗಿದೆ. ಇಸವಿಗೆ ಆಧಾರವಿಲ್ಲವೆಂದರೆ ಗುಡಿ ಹೊಸದೆಂದು ಅರ್ಥವಲ್ಲ. ಹಳೆಯದೆಂಬ ನಂಬಿಕೆಯನ್ನು ನಾನು ಮುಟ್ಟಿಲ್ಲ. ಸುಳ್ಳು ಅಂಕಿಯೊಂದನ್ನು ಮಾತ್ರ ಅದರ ಮೇಲಿಂದ ಇಳಿಸಿದ್ದೇನೆ. ತಂದೆ ಒಪ್ಪಿದರೋ ಇಲ್ಲವೋ ಅವಳು ನನಗೆ ಹೇಳಲಿಲ್ಲ. ಹೊತ್ತಗೆ ಅಂಗಡಿಯಲ್ಲಿ ಮುಂದೆಯೂ ಇತ್ತು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ಸಹಜವಾಗಿಯೇ ಕೇಳಿದರು: “ಹಾಗಾದರೆ ಮೊದಲ ಗುಡಿ ಕಟ್ಟಿದ್ದು ಯಾವಾಗ?” ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ನನಗ ಸಿಗಲಿಲ್ರಿ. 603, ಜಗದೇಕಮಲ್ಲ, ಇವೆರಡೂ ಕೂಡಿ ಬರೂದಿಲ್ಲ ಅನ್ನೋದಷ್ಟ ಸಿಕ್ಕೈತಿ” ಎಂದಳು. ಆರು ತಿಂಗಳ ದುಡಿಮೆಗೆ ಇಷ್ಟೇ ಫಲವೇ ಎಂದು ಅವರಿಗೆ ಅನಿಸಿರಬೇಕು. ಅಂಕಗಳು ಸಾಧಾರಣವಾಗಿಯೇ ಬಂದವು. ಸಮಗ್ರ ಅಧ್ಯಯನವನ್ನು ಬರೆದಿದ್ದ ಇನ್ನೊಬ್ಬನಿಗೆ ಹೆಚ್ಚು ಬಂದವು. ಅದನ್ನು ನಾನು ತಡೆಯಲಾಗಲಿಲ್ಲ.

ಆ ಹುಡುಗಿ ಮುಂದೆ ಎಂ.ಎ. ಓದಲಿಲ್ಲ. ಈಗ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ನೋಡುತ್ತಾಳೆ. ಕಳೆದ ಜಾತ್ರೆಯಲ್ಲಿ ಹೊಂಡದ ದಂಡೆಯ ಮೇಲೆ ಸಿಕ್ಕಿದ್ದಳು. ಸಂಘದ ಹಳೆಯ ವರದಿಗಳಲ್ಲಿ ವರ್ಷ ವರ್ಷವೂ ಒಂದೇ ಅಂಕಿ ನಕಲಾಗಿ ಬಂದಿರುವುದನ್ನು ತಾನು ಹಿಡಿದು ತೋರಿಸಿದ್ದಾಗಿ, ಅದರಿಂದ ಕೆಲವರಿಗೆ ತನ್ನ ಮೇಲೆ ಮುನಿಸಿರುವುದಾಗಿ ಹೇಳಿದಳು. ಪದವಿ ತರಗತಿಯ ಪ್ರಾಜೆಕ್ಟುಗಳಿಂದ ಎಷ್ಟು ಮಂದಿ ಸಂಶೋಧಕರಾದರೆಂದು ಲೆಕ್ಕ ಹಾಕುವವರಿಗೆ ಅವಳು ಯಾವ ಪಟ್ಟಿಯಲ್ಲಿಯೂ ಸಿಗುವುದಿಲ್ಲ.

ಅಂದು ಅವಳೊಡನೆ ಅಜ್ಜಿಯೂ ಇದ್ದರು. ವಯಸ್ಸೆಷ್ಟಾಯಿತು ತಾಯಿ ಎಂದು ಕೇಳಿದೆ. “ಎಂಬತ್ತಂತ್ರಿ” ಎಂದರು.